ಹಿಳುಕಿನ ಬೆಳಕು

ಬಿಲ್ವಿದ್ಯೆ ನಮ್ಮ ನಾಡಿನಲ್ಲಿ ಮರೆಯಾದಂತೆ ಅದರ ಮಾತುಗಳೂ ಮರೆಯಾಗುತ್ತ ಬಂದಿವೆ. ಬಿಲ್ಲು, ಬಾಣ, ಬತ್ತಳಿಕೆ ಈ ಮೂರನ್ನು ಮಕ್ಕಳೂ ಬಲ್ಲರು. ಹೆದೆಯೆಂದರೆ ಬಿಲ್ಲಿನ ಹುರಿ ಎಂಬುದನ್ನು ಕೆಲವರಾದರೂ ಹೇಳಿಯಾರು. ಆದರೆ ಹಿಳುಕು ಎಂದರೇನು ಎಂದು ಕೇಳಿದರೆ ಓದು ಬಲ್ಲವರೂ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಕುಮಾರವ್ಯಾಸನ ಯುದ್ಧಪರ್ವಗಳಲ್ಲಿ ಓಡಾಡಿದವರಿಗೆ ಈ ಮಾತು ಹೊಸದಲ್ಲ. ಹಿಳುಕೆಂದರೆ ಬಾಣದ ಹಿಂಬದಿ, ಗರಿ ಕಟ್ಟಿದ ಭಾಗ. ಅದರ ಕೊನೆಯಲ್ಲಿರುವ ಕಚ್ಚಿಗೆ ಹೆದೆ ಕೂಡುತ್ತದೆ. ಬಾಣಕ್ಕೆ ಬಲ ಬರುವುದು ಅಲ್ಲಿಂದ. ದಾರಿ ತಪ್ಪದಂತೆ ಕಾಯುವುದೂ ಅಲ್ಲಿಯ ಗರಿಯೇ.

ಕೇಳುವವರ ಗಮನವೆಲ್ಲ ಅಂಬಿನ ಮೊನೆಯ ಮೇಲೆ. ಅಂಬು ಬಿಟ್ಟವನ ಗಮನ ಮಾತ್ರ ಹಿಳುಕಿನ ಮೇಲೆ. ಏಕೆಂದರೆ ಬಿಟ್ಟ ಬಾಣದಲ್ಲಿ ಅವನಿಗೆ ಕಾಣುವ ಭಾಗ ಅದೊಂದೇ. ಅದೂ ಕಾಣದೆ ಹೋದರೆ? ಬಾಣ ಎಲ್ಲಿ ಹೋಯಿತು, ಯಾರಿಗೆ ತಾಗಿತು, ತಾಗಿದ ಜೀವ ಎಲ್ಲಿ ಬಿದ್ದು ನರಳುತ್ತಿದೆ, ಒಂದೂ ತಿಳಿಯದೆ ಹೋದರೆ? ಈ ಪ್ರಶ್ನೆ ಬಿಲ್ಲಿನಷ್ಟೇ ಹಳೆಯದು. ಅದಕ್ಕೆ ಜನ ಬೇರೆ ಬೇರೆ ಕಾಲದಲ್ಲಿ ಕಂಡುಕೊಂಡ ಉತ್ತರಗಳನ್ನು ಈ ಲೇಖನದಲ್ಲಿ ಕೂಡಿಸಿ ನೋಡಬೇಕೆಂದಿದ್ದೇನೆ.

ನಮ್ಮ ಪುರಾಣಗಳು ಈ ಪ್ರಶ್ನೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿವೆ ಎಂಬುದು ಗಮನಿಸತಕ್ಕ ಸಂಗತಿ. ರಾಮಾಯಣದ ದುಃಖಕ್ಕೆಲ್ಲ ಮೂಲ ಕೈಕೇಯಿಯ ವರವೆಂದು ಹೇಳುವುದುಂಟು. ಅದಕ್ಕೂ ಹಿಂದಿನದೊಂದು ಮೂಲವಿದೆ. ಸರಯೂ ತೀರದ ಕತ್ತಲೆಯಲ್ಲಿ ತರುಣ ದಶರಥ ಕೊಡ ತುಂಬುವ ಸದ್ದು ಕೇಳಿ, ಆನೆ ನೀರು ಕುಡಿಯುತ್ತಿದೆಯೆಂದು ಶಬ್ದವೇಧಿ ಬಾಣವನ್ನು ಬಿಟ್ಟ. ಗುರಿ ತಪ್ಪಲಿಲ್ಲ. ಬಿದ್ದವನು ಕುರುಡ ತಂದೆತಾಯಿಗಳ ಒಬ್ಬನೇ ಮಗ. ಮಹಾಭಾರತದಲ್ಲಿ ಪಾಂಡು ಹೊಡೆದ ಜಿಂಕೆ ಜಿಂಕೆಯಾಗಿರಲಿಲ್ಲ, ಕಿಂದಮನೆಂಬ ಋಷಿಯಾಗಿತ್ತು. ಕೊನೆಗೆ ಯದುವಂಶದ ಕಥೆಯನ್ನು ಮುಗಿಸಿದ್ದೂ ಜರನೆಂಬ ಬೇಡನ ಬಾಣವೇ. ಮರದಡಿ ಒರಗಿದ್ದ ಕೃಷ್ಣನ ಪಾದ ಅವನ ಕಣ್ಣಿಗೆ ಜಿಂಕೆಯಂತೆ ಕಂಡಿತು. ಈ ಮೂವರಲ್ಲಿ ಒಬ್ಬನೂ ಕೈಸೋತ ಬಿಲ್ಲುಗಾರನಲ್ಲ. ಮೂವರ ಕೈಯೂ ಸರಿಯಾಗಿತ್ತು, ಕಣ್ಣು ಸಾಲದೆ ಹೋಯಿತು. ಬೇಟೆಯ ಪಾಪ ಕೊಲ್ಲುವುದರಲ್ಲಿ ಎಷ್ಟಿದೆಯೋ, ಕಾಣದೆ ಕೊಲ್ಲುವುದರಲ್ಲಿ ಅದಕ್ಕಿಂತ ಹೆಚ್ಚಾಗಿದೆ ಎಂದು ಹಿರಿಯರು ಭಾವಿಸಿದಂತೆ ತೋರುತ್ತದೆ.

ಇನ್ನು ಪುರಾಣದಿಂದ ಇತಿಹಾಸಕ್ಕೆ ಬರೋಣ. ನಾನಿರುವ ಗೊಟ್ಟಿಗೆರೆ ಬೆಂಗಳೂರಿನ ತೆಂಕಣ ಅಂಚಿನಲ್ಲಿ, ಬನ್ನೇರುಘಟ್ಟದ ರಸ್ತೆಯ ಮೇಲಿದೆ. ಇಂದು ಅದು ಊರೊಳಗಿನ ಊರು. ಹಳೆಯ ಕೆರೆಯೊಂದು ಉಳಿದಿರುವುದರಿಂದ ಹೆಸರಿಗೆ ಅರ್ಥ ಉಳಿದಿದೆ. ಇಲ್ಲಿಂದ ತೆಂಕಣಕ್ಕೆ ಹೊರಟರೆ ಬನ್ನೇರುಘಟ್ಟದ ಬೆಟ್ಟಗಳು, ಅವುಗಳ ಆಚೆಗೆ ಕಾಡು. ಮೂಡಣಕ್ಕೆ ಸುಮಾರು ಒಂದು ಹರದಾರಿಯಲ್ಲಿ ಬೇಗೂರು. ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವೊಂದರಲ್ಲಿ 'ಬೆಂಗಳೂರು' ಎಂಬ ಹೆಸರು ಮೊದಲ ಬಾರಿಗೆ ಕಾಣುತ್ತದೆ ಎಂಬುದನ್ನು ಎಲ್ಲರೂ ಕೇಳಿದ್ದಾರೆ. ಅದು ಕ್ರಿಸ್ತಶಕ 890ರ ಸುಮಾರಿನದು, ಒಂದು ಕಾಳಗದ ನೆನಪು. ಅದೇ ಬೇಗೂರಿನ ಮತ್ತೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗರ ಎರೆಯಪ್ಪನ ಕಡೆಯ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯೊಡನೆ ಕಾದಿ ಸತ್ತ ಸಂಗತಿಯನ್ನು ಅದು ಹೇಳುತ್ತದೆ. ಅದರ ಮೇಲಿನ ಯುದ್ಧಚಿತ್ರವನ್ನು ನೋಡಿದರೆ ಈ ಸೀಮೆಯಲ್ಲಿ ಸಾವಿರ ವರ್ಷಗಳ ಹಿಂದಿನ ಕಾಳಗ ಹೇಗಿತ್ತೆಂಬುದು ಕಣ್ಣಿಗೆ ಕಟ್ಟುತ್ತದೆ.

ಅದೇ ಸಂಗ್ರಹಾಲಯದಲ್ಲಿ ಇನ್ನೊಂದು ಕಲ್ಲಿದೆ. ನಮ್ಮ ವಿಷಯಕ್ಕೆ ಅದು ಇನ್ನೂ ಹತ್ತಿರ. ಮಂಡ್ಯ ಸೀಮೆಯ ಆತಕೂರಿನಿಂದ ಬಂದ ಆ ಶಾಸನ 949-50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ಬೂತುಗ ಮೆಚ್ಚಿ ಏನು ಬೇಕೆಂದು ಕೇಳಿದ. ಮಣಲೆರ ಹೊನ್ನು ಕೇಳಲಿಲ್ಲ; ಕಾಳಿಯೆಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಭೂಮಿ ಬಿಟ್ಟರು, ಆ ಕಲ್ಲಿಗೆ ಪೂಜೆ ಸಲ್ಲಿಸದೆ ಗೊರವ ಉಣ್ಣಬಾರದೆಂದು ಕಟ್ಟು ಮಾಡಿದರು. ರಾಜನ ಮೆಚ್ಚುಗೆಗೆ ಪಾತ್ರನಾದವನು ನಾಯಿಯನ್ನು ಕೇಳಿದನೆಂದರೆ ನಾವು ಇಂದು ಸೋಜಿಗಪಡುತ್ತೇವೆ. ಬೇಟೆಯನ್ನು ಬಲ್ಲವರಿಗೆ ಅದು ಸೋಜಿಗವಲ್ಲ. ಅಂಬು ತಾಗಿದ ಮೃಗ ನಿಂತಲ್ಲೇ ಬೀಳುವುದು ಅಪರೂಪ. ಅದು ಓಡುತ್ತದೆ, ಪೊದೆ ಹೊಗುತ್ತದೆ, ಎಲ್ಲೋ ಮುದುರಿ ಸಾಯುತ್ತದೆ. ನೆಲದ ಮೇಲಿನ ನೆತ್ತರ ಹನಿಗಳನ್ನು ಹಿಡಿದು ಅದನ್ನು ಹುಡುಕಬೇಕು. ಹೊತ್ತು ಮುಳುಗಿದರೆ ಆ ಜಾಡೂ ಇಲ್ಲ. ಮನುಷ್ಯನ ಕಣ್ಣು ಸೋತಲ್ಲಿ ನಾಯಿಯ ಮೂಗು ನಡೆಯುತ್ತದೆ. ನಾಯಿಯಿಲ್ಲದ ಬಿಲ್ಲು ಅರೆಗುರುಡು. ಹಳೆಯ ಕಾಲದವರು ಕಂಡುಕೊಂಡ ಮೊದಲ ಉತ್ತರ ಇದು.

ಬೇಟೆ ಅರಸರ ವಿನೋದವೂ ಆಗಿತ್ತು, ಕಾಡಂಚಿನ ಜನರ ಹೊಟ್ಟೆಪಾಡೂ ಆಗಿತ್ತು. ಪಂಪ ತನ್ನ ಕಾವ್ಯದಲ್ಲಿ ಬೇಟೆಯನ್ನು ವರ್ಣಿಸಿದ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜನ ವಿನೋದಗಳ ನಡುವೆ ಬೇಟೆಗೂ ಒಂದು ಭಾಗವನ್ನು ಮೀಸಲಿಟ್ಟ. ಆದರೆ ಅದರ ಒಳಗುಟ್ಟುಗಳನ್ನೆಲ್ಲ ಬಲ್ಲವರು ಬೇಡರು, ಕುರುಬರು, ಸೋಲಿಗರು. ಅವರು ಪುಸ್ತಕ ಬರೆಯಲಿಲ್ಲ. ಅವರ ಕೈಯಿಂದ ಆಯುಧ ಹೋದಾಗ ವಿದ್ಯೆಯೂ ಹೋಯಿತು. 1857ರಲ್ಲಿ ಬಂದ ನಿರಾಯುಧೀಕರಣದ ಕಾನೂನಿಗೆ ಮುಧೋಳ ಸೀಮೆಯ ಹಲಗಲಿಯ ಬೇಡರು ಬಗ್ಗದೆ ನಿಂತು ಊರು ಸುಡಿಸಿಕೊಂಡ ಕಥೆ ಲಾವಣಿಯಾಗಿ ಉಳಿದಿದೆ. ಆಯುಧ ಕೊಡಲಾರೆವೆಂದವರು ಬರಿಯ ಹಟಕ್ಕೆ ಹಾಗೆಂದವರಲ್ಲ. ಅದು ಅವರ ಅನ್ನವಾಗಿತ್ತು, ಮಾನವಾಗಿತ್ತು.

ಈಗ ಎರಡನೆಯ ಸಂಗತಿಗೆ ಬರುತ್ತೇನೆ. ಬಾಣವೆಂಬ ಮಾತಿಗೆ ಕನ್ನಡದಲ್ಲಿ ಇನ್ನೊಂದು ಅರ್ಥವುಂಟು. ಬಾಣಬಿರುಸು ಎನ್ನುವಾಗಿನ ಬಾಣ ಬಿಲ್ಲಿನಿಂದ ಹೊರಟದ್ದಲ್ಲ. ತನ್ನ ಬಾಲದ ಬೆಂಕಿಯಿಂದ ತಾನೇ ಹಾರುವಂಥದು. ವಿಜಯನಗರದ ಮಹಾನವಮಿಯನ್ನು ಕಂಡ ಅಬ್ದುರ್ ರಜಾಕ್ 1443ರಲ್ಲಿಯೂ, ಪೋರ್ಚುಗೀಸರ ಪಾಯಸ್ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿಯೂ ಅಲ್ಲಿಯ ಮದ್ದಿನಾಟಗಳನ್ನು ಕಂಡು ಬೆರಗಾದರು. ಹಬ್ಬದ ಆಟ ಮುಂದೆ ಯುದ್ಧದ ಅಸ್ತ್ರವಾಯಿತು. ಹೈದರಾಲಿಯ ತಂದೆ ಆರ್ಕಾಟಿನ ನವಾಬನಲ್ಲಿ ಐವತ್ತು ಮಂದಿ ಬಾಣಗಾರರ ಮೇಲೆ ಅಧಿಕಾರಿಯಾಗಿದ್ದನೆಂದು ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರಿನ ಬಾಣಗಳ ಮೇಲೆ ಬರೆದ ಪ್ರಬಂಧದಲ್ಲಿ ಹೇಳಿದ್ದಾರೆ. ಹೈದರನೂ ಟೀಪುವೂ ಆ ಪಡೆಯನ್ನು ಬೆಳೆಸಿದರು.

ಈ ಬಾಣದ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದಲ್ಲಿ. ಆಗ ಯೂರೋಪಿನ ಬಾಣಗಳ ಕೊಳವೆ ಕಾಗದದ್ದು. ಒಳಗಿನ ಒತ್ತಡ ಹೆಚ್ಚಿದರೆ ಒಡೆಯುತ್ತಿತ್ತು. ಮೈಸೂರಿನವರು ಒಂದು ತುದಿ ಮುಚ್ಚಿದ, ಸುಮಾರು ಎಂಟು ಅಂಗುಲ ಉದ್ದದ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಟ್ಟಿಸಿ ತುಂಬಿದರು. ಹೀಗಾಗಿ ಒತ್ತಡವೂ ಹೆಚ್ಚು, ಓಟವೂ ಹೆಚ್ಚು. ಕೊಳವೆಯನ್ನು ನಾಲ್ಕು ಅಡಿಯಷ್ಟು ಉದ್ದದ ಬಿದಿರಿಗೆ ಕಟ್ಟುತ್ತಿದ್ದರು; ಕೆಲವಕ್ಕೆ ಕತ್ತಿಯ ಅಲಗನ್ನೂ ಕಟ್ಟುತ್ತಿದ್ದರು. ಸಾವಿರ ಗಜದವರೆಗೂ ಅದು ಹೋಗುತ್ತಿತ್ತು. ಬಿಲ್ಲಿನ ಬಾಣಕ್ಕೆ ಗರಿ ಹೇಗೋ ಈ ಬಾಣಕ್ಕೆ ಬಿದಿರು ಹಾಗೆ. ಹಿಂಬದಿ ಗಾಳಿಯನ್ನು ಹಿಡಿದು ಎಳೆದರೆ ಮುಂಬದಿ ನೆಟ್ಟಗೆ ನಡೆಯುತ್ತದೆ ಎಂಬ ಬೇಡನ ತಿಳಿವಳಿಕೆಯೇ ಇಲ್ಲಿ ಮತ್ತೊಂದು ರೂಪದಲ್ಲಿ ಬಂದಿದೆ.

1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದು ಅವನ ಪಡೆ ನಾಶವಾಯಿತು. ಈ ಬಾಣಗಳೇ ಆ ಬಂಡಿಗಳಿಗೆ ಬೆಂಕಿ ಹತ್ತಿಸಿದವೆಂದು ಹೇಳುವುದುಂಟು. ಶ್ರೀರಂಗಪಟ್ಟಣದ ದರಿಯಾ ದೌಲತಿನ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನೋಡಬಹುದು. ನಮ್ಮ ಈ ಸೀಮೆಯೂ ಆ ಯುದ್ಧಗಳ ಹಾದಿಯಲ್ಲಿತ್ತು. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದ. 1799ರ ಮಾರ್ಚಿಯಲ್ಲಿ ಜನರಲ್ ಹ್ಯಾರಿಸನ ಸೈನ್ಯ ನಮ್ಮ ಪಡುವಲಿಗಿರುವ ತಲಘಟ್ಟಪುರದ ಮೇಲೆ ಕಾನಕಾನಹಳ್ಳಿಯ ಕಡೆಗೆ, ಎಂದರೆ ಇಂದಿನ ಕನಕಪುರದ ಕಡೆಗೆ ಸಾಗಿತು. ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನಪೇಟೆಯ ತೋಪಿನಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಕತ್ತಲೆಯಲ್ಲಿ ದಿಕ್ಕುಗೆಟ್ಟಿತು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಆತನೇ. ಎದುರಿನಿಂದ ತುಪಾಕಿಯ ಗುಂಡು, ಬಾಲಕ್ಕೆ ಬೆಂಕಿ ಹಚ್ಚಿದ ಬಾಣಗಳ ಮಳೆ. ಆತ ಹಿಮ್ಮೆಟ್ಟಬೇಕಾಯಿತು. ಮರುದಿನ ಬೆಳಕಿನಲ್ಲಿ ಅದೇ ತೋಪು ಅವನ ಕೈವಶವಾಯಿತು. ಆ ಸೋಲಿಗೂ ಈ ಗೆಲುವಿಗೂ ನಡುವೆ ಇದ್ದದ್ದು ಒಂದು ರಾತ್ರಿ ಮಾತ್ರ.

ಮುಂದಿನ ಕಥೆ ಪರಿಚಿತವಾದದ್ದು. ಮೇ 4ರಂದು ಕೋಟೆ ಬಿತ್ತು. ವಶವಾದ ಬಾಣಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ವೂಲಿಚ್‌ನಲ್ಲಿ ತನ್ನ ಬಾಣಗಳನ್ನು ಸಿದ್ಧಪಡಿಸಿದ. ಅವು 1806ರಲ್ಲಿ ಬೂಲೋನ್, 1807ರಲ್ಲಿ ಕೋಪನ್‌ಹೇಗನ್, 1814ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮೇಲೆ ಬಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಆ ರಾತ್ರಿಯ ಕೆಂಬೆಳಕಿನ ಪ್ರಸ್ತಾಪ ಉಳಿದುಕೊಂಡಿದೆ. 1844ರಲ್ಲಿ ವಿಲಿಯಂ ಹೇಲ್ ಎಂಬಾತ ಬಾಣವನ್ನು ಹಾರುತ್ತಲೇ ತಿರುಗುವಂತೆ ಮಾಡಿ ಉದ್ದನೆಯ ಕೋಲನ್ನೇ ಬಿಡಿಸಿದ. ಇಲ್ಲಿ ನಮ್ಮಲ್ಲಿ ಉಳಿದದ್ದು ಸ್ವಲ್ಪ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಆ ಕಸುಬಿನದೆಂದು ಹೇಳುತ್ತಾರೆ. ಹೈದರ್ 1763ರಲ್ಲಿ ಗೆದ್ದುಕೊಂಡ ಬಿದನೂರು, ಎಂದರೆ ಈಗಿನ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಪಾಳುಬಾವಿಯೊಂದನ್ನು 2018ರಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ಬಾಣದ ಕೊಳವೆಗಳು ಸಿಕ್ಕವು. ಬಾವಿಯ ಕೆಸರು ಆಗಲೂ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ.

ಇಷ್ಟಾಗಿಯೂ ಈ ಬೆಳಕು ನಮ್ಮ ಮೊದಲ ಪ್ರಶ್ನೆಗೆ ಉತ್ತರವಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಬಾಣದ ಬಾಲದಲ್ಲಿ ಬೆಂಕಿಯಿತ್ತು, ನಿಜ. ಆದರೆ ಅದು ಇದ್ದದ್ದು ನೂಕುವುದಕ್ಕೆ. ಜೊತೆಗೆ ಎದುರಿನವನ ಎದೆ ನಡುಗಿಸುವುದಕ್ಕೆ. ಬಿಟ್ಟವನಿಗೆ ದಾರಿ ತೋರಿಸುವುದು ಅದರ ಕೆಲಸವಾಗಿರಲಿಲ್ಲ. ಬಿಟ್ಟ ಬಾಣ ಯಾರ ಮೇಲೆ ಬಿತ್ತೆಂದು ಹೋಗಿ ನೋಡುವ ಹೊಣೆ ಯುದ್ಧದಲ್ಲಿ ಯಾರಿಗೂ ಇಲ್ಲ. ಬೇಟೆಯಲ್ಲಿ ಆ ಹೊಣೆಯುಂಟು. ಬಾಣಕ್ಕೂ ಬಾಣಕ್ಕೂ ಇರುವ ವ್ಯತ್ಯಾಸ ಅದು.

ಆ ಹೊಣೆಗೆ ಹುಟ್ಟಿಕೊಂಡ ಮೂರನೆಯ ಉತ್ತರ ನನ್ನ ಕೈಗೆ ಬಂದದ್ದು ಅಮೆರಿಕದಲ್ಲಿ ನೆಲೆಸಿರುವ ನನ್ನ ಸೋದರಳಿಯನಿಂದ. ಅಲ್ಲಿ ಶರತ್ಕಾಲದಲ್ಲಿ ಬಿಲ್ಲಿನಿಂದ ಜಿಂಕೆಯನ್ನು ಬೇಟೆಯಾಡಲು ಸರ್ಕಾರವೇ ಪರವಾನಗಿ ಕೊಡುತ್ತದೆ. ಆ ಆಟಕ್ಕೆ ಅಲ್ಲಿ ಮತ್ತೆ ಜೀವ ಬಂದ ಬಗೆ ಕೂಡ ನೆನೆಯತಕ್ಕದ್ದು. ಕ್ಯಾಲಿಫೋರ್ನಿಯಾದ ಯಾಹಿ ಎಂಬ ಕಾಡುಜನರನ್ನು ಬಿಳಿಯರು ಬೇಟೆಯಾಡಿ ಮುಗಿಸಿದ ಮೇಲೆ ಉಳಿದ ಒಬ್ಬನೇ ಒಬ್ಬ 1911ರಲ್ಲಿ ಹೊರಗೆ ಬಂದ. ಇಶಿ ಎಂದು ಅವನನ್ನು ಕರೆದರು. ಅವನಿಗೆ ಚಿಕಿತ್ಸೆ ಮಾಡಿದ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲು ಮಾಡುವುದನ್ನು, ಹೊಂಚುವುದನ್ನು ಕಲಿತ. ಇಶಿ 1916ರಲ್ಲಿ ತೀರಿಕೊಂಡ. ಪೋಪ್ 1923ರಲ್ಲಿ ತಾನು ಕಲಿತದ್ದನ್ನು ಪುಸ್ತಕವಾಗಿ ಬರೆದ. ನಮ್ಮ ಬೇಡರ ವಿದ್ಯೆ ಬರೆಯುವವರಿಲ್ಲದೆ ಹೋಯಿತು. ಇಶಿಯ ವಿದ್ಯೆ ಅವನ ಜನರನ್ನು ಕೊಂದವರ ಮಕ್ಕಳ ಕೈಯಲ್ಲಿ ಉಳಿಯಿತು. ಎರಡರಲ್ಲಿ ಯಾವುದು ಹೆಚ್ಚು ದುಃಖದ್ದೆಂದು ಹೇಳುವುದು ಕಷ್ಟ.

ಸೋದರಳಿಯ ರಜೆಗೆಂದು ಬಂದಾಗ ಒಂದು ಹಿಳುಕನ್ನು ತಂದು ನನ್ನ ಮೇಜಿನ ಮೇಲಿಟ್ಟ. ಕಿರುಬೆರಳಿನ ಒಂದು ಗೆಣ್ಣಿನಷ್ಟಿತ್ತು. ಒತ್ತಿದರೆ ಕೆಂಪಗೆ ಹೊತ್ತಿಕೊಂಡಿತು.

"ಇದೇನಯ್ಯ, ಗೊಂಬೆಯಾಟ?" ಎಂದೆ.

"ಅಲ್ಲ ಮಾವ. ನಮ್ಮ ಬಿಲ್ಲಿನ ಬಾಣ ತೊಂಬತ್ತು ಅಡಿ ದೂರವನ್ನ ಒಂದು ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ ಮುಟ್ಟುತ್ತೆ. ಸಂಜೆ ಹೊತ್ತಿನಲ್ಲಿ ಕಣ್ಣಿಗೆ ಸಿಕ್ಕೋದೇ ಇಲ್ಲ. ತಾಗಿತೋ ಇಲ್ಲವೋ, ತಾಗಿದ್ರೆ ಎಲ್ಲಿಗೆ ತಾಗಿತು, ಗೊತ್ತಾಗಲ್ಲ. ಇದು ಹೆದೆ ತಳ್ಳಿದ ಕೂಡಲೇ ಹೊತ್ತಿಕೊಳ್ಳುತ್ತೆ. ಗಾಳಿಯಲ್ಲಿ ಒಂದು ಕೆಂಪು ಗೆರೆ ಕಾಣುತ್ತೆ. ಅಷ್ಟು ಸಾಕು."

"ಅಷ್ಟು ಸಾಕು ಅಂದರೆ?"

"ಎಲ್ಲಿಗೆ ತಾಗಿತು ಅಂತ ತಿಳಿದರೆ, ತಕ್ಷಣ ಹಿಂದೆ ಹೋಗಬೇಕೋ, ಅದು ಮಲಗೋವರೆಗೆ ತಡೀಬೇಕೋ ಅಂತ ತಿಳಿಯುತ್ತೆ, ಮಾವ. ತಿಳೀದೆ ಹಿಂದೆ ಓಡಿದ್ರೆ ಅದು ಹೆದರಿ ಇನ್ನೂ ಒಂದು ಮೈಲಿ ಓಡುತ್ತೆ. ಆಮೇಲೆ ಸಿಕ್ಕೋದಿಲ್ಲ. ಎಲ್ಲೋ ಬಿದ್ದು ಎರಡು ದಿನ ನರಳುತ್ತೆ."

ಕೊನೆಯ ಮಾತನ್ನು ಅವನು ತುಸು ಮೆಲ್ಲಗೆ ಹೇಳಿದ.

ಅದರ ರಚನೆಯನ್ನೂ ಅವನು ಬಿಡಿಸಿ ತೋರಿಸಿದ. ಒಳಗೆ ಒಂದು ಪುಟ್ಟ ಬಲ್ಬು. ಅದು ಹಿಂದಿನ ತಂತಿಯ ಬಲ್ಬಲ್ಲ, 1962ರಲ್ಲಿ ಹೊಲೊನ್ಯಾಕ್ ಎಂಬ ವಿಜ್ಞಾನಿ ಕೆಂಪು ಬೆಳಕಿನಲ್ಲಿ ಮಾಡಿ ತೋರಿಸಿದ ಎಲ್ಇಡಿಯ ಜಾತಿ. ಅದಕ್ಕೆ ಸೂಜಿಯಂಥ ಲಿಥಿಯಂ ಬ್ಯಾಟರಿ. ಮೂರು ವೋಲ್ಟು, ನಾಲ್ಕು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ. ಬಿಟ್ಟಾಗ ಹೆದೆ ಹಿಳುಕನ್ನು ಕೂದಲೆಳೆಯಷ್ಟು ಮುಂದಕ್ಕೆ ತಳ್ಳಿದರೆ ಸಂಪರ್ಕ ಕೂಡಿ ದೀಪ ಹೊತ್ತುತ್ತದೆ. ಬಾಣ ಸಿಕ್ಕ ಮೇಲೆ ಹಿಂದಕ್ಕೆ ಎಳೆದರೆ ಆರುತ್ತದೆ. ತೊಡಕು ಇರುವುದು ಆ ಕೂದಲೆಳೆಯಲ್ಲಿಯೇ. ಬಾಣದ ಕಾರ್ಬನ್ ಕೊಳವೆಗಳ ಒಳಗಲ ಎಲ್ಲವೂ ಒಂದೇ ಅಲ್ಲ. ಸಡಿಲವಾದರೆ ಹಿಳುಕು ಕೈಯಲ್ಲೇ ಹೊತ್ತಿಕೊಂಡು ಮೃಗವನ್ನು ಎಚ್ಚರಿಸುತ್ತದೆ, ಇಲ್ಲವೇ ಉದುರಿಹೋಗುತ್ತದೆ. ಬಿಗಿಯಾದರೆ ಸರಿಯುವುದೇ ಇಲ್ಲ, ದೀಪವೂ ಇಲ್ಲ.

ಅದಕ್ಕೆ ಅಲ್ಲಿಯ ಬೇಟೆಗಾರರು ಮನೆಯಲ್ಲೇ ಕಂಡುಕೊಂಡ ಉಪಾಯ ಸೊಗಸಾಗಿದೆ. ಆ ಸೂಜಿ ಬ್ಯಾಟರಿ ಹುಟ್ಟಿದ್ದು ಬಿಲ್ಲಿಗಾಗಿ ಅಲ್ಲ. ರಾತ್ರಿ ಗಾಳ ಹಾಕುವ ಬೆಸ್ತರಿಗಾಗಿ. ಜಪಾನಿನವರು 1970ರ ದಶಕದಲ್ಲಿ ಗಾಳದ ಬೆಂಡಿನಲ್ಲಿಡಲು ಅದನ್ನು ಮಾಡಿದರು. ಬೆಂಡು ಮುಳುಗಿತೋ ಇಲ್ಲವೋ ಎಂಬುದು ಕತ್ತಲೆಯಲ್ಲಿ ಕಾಣಬೇಕಷ್ಟೆ. ನನ್ನ ಸೋದರಳಿಯ ಬೆಸ್ತರ ಅಂಗಡಿಯಿಂದ ಆ ಬ್ಯಾಟರಿಯನ್ನೂ ಪುಟ್ಟ ಬಲ್ಬನ್ನೂ ತಂದು, ಸಾದಾ ಪಾರದರ್ಶಕ ಹಿಳುಕಿನ ಒಳಗೆ ಕೂರಿಸಿ, ಆರು ಮಿಲಿಮೀಟರು ತೂತಿನಲ್ಲಿ ನಾಲ್ಕು ಮಿಲಿಮೀಟರು ಬ್ಯಾಟರಿ ಅಲುಗಾಡದಂತೆ ಹೊಲಿಗೆಯ ದಾರವನ್ನು ಸುತ್ತಿದ್ದ. ಒಂದು ಸುತ್ತು ಹೆಚ್ಚಾದರೆ ಬಿಗಿ, ಒಂದು ಸುತ್ತು ಕಡಿಮೆಯಾದರೆ ಸಡಿಲ. "ಅಮ್ಮನ ಹೊಲಿಗೆ ಪೆಟ್ಟಿಗೆಯ ದಾರವೇ, ಮಾವ" ಎಂದು ನಕ್ಕ. ಕೊಳವೆಗೆ ಬಟ್ಟೆ ಸುತ್ತಿ ಬಿಗಿ ಮಾಡುವ ಬುದ್ಧಿ ನಮ್ಮ ಮನೆಗಳಲ್ಲಿ ನಲ್ಲಿ ರಿಪೇರಿ ಮಾಡುವವನಿಗೂ ಉಂಟು. ಹಿಂದೆ ಬಾಣಕ್ಕೆ ಗರಿ ಕಟ್ಟುವವನೂ ನಾರನ್ನೋ ನರವನ್ನೋ ಹೀಗೆಯೇ ಸುತ್ತಿ ಕಟ್ಟುತ್ತಿದ್ದ.

ಇದರಲ್ಲಿಯೂ ಒಂದು ಲೆಕ್ಕವಿದೆ. ದೀಪದ ಹಿಳುಕು ಸಾದಾ ಹಿಳುಕಿಗಿಂತ ಸುಮಾರು ಒಂದು ಗ್ರಾಂ ಹೆಚ್ಚು ತೂಗುತ್ತದೆ. ಒಂದು ಗ್ರಾಂ ಏನು ಮಹಾ ಎನ್ನಬಹುದು. ಆದರೆ ಬಾಣ ನೆಟ್ಟಗೆ ಹೋಗಬೇಕಾದರೆ ತೂಕ ತಲೆಯ ಕಡೆಗಿರಬೇಕು, ಬಾಲ ಹಗುರವಾಗಿರಬೇಕು. ಬಾಲಕ್ಕೆ ಭಾರ ಬಿದ್ದರೆ ಓಟ ಓಲಾಡುತ್ತದೆ. ಅದಕ್ಕಾಗಿ ಮೊನೆಯ ಕಡೆಗೂ ತುಸು ತೂಕ ಕೂಡಿಸಬೇಕು. ಬಿದಿರನ್ನು ಕೊಳವೆಗೆ ಹೊಂದಿಸಿ ಕಟ್ಟಿದ ಮೈಸೂರಿನ ಬಾಣಗಾರನೂ ಇದೇ ಲೆಕ್ಕವನ್ನು ಕೈಯಲ್ಲಿ ಹಾಕಿದ್ದಿರಬೇಕು.

ಈ ದೀಪ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಆ ದೇಶದಲ್ಲಿ ಪೋಪ್ ಮತ್ತು ಯಂಗ್ ಇಬ್ಬರ ಹೆಸರಿನಲ್ಲಿ 1961ರಲ್ಲಿ ಹುಟ್ಟಿದ ಬಿಲ್ಲುಬೇಟೆಗಾರರ ಸಂಘ, ಬಾಣದಲ್ಲಿ ವಿದ್ಯುತ್ತಿನ ಸಾಧನವಿದ್ದರೆ ಆ ಬೇಟೆಯನ್ನು ತನ್ನ ದಾಖಲೆಗೆ ಸೇರಿಸುತ್ತಿರಲಿಲ್ಲ. ಕೆಲವು ರಾಜ್ಯಗಳ ಕಾನೂನೂ ಅದನ್ನು ಬಹುಕಾಲ ತಡೆಯಿತು. ಮೃಗಕ್ಕೆ ಇಲ್ಲದ ಅನುಕೂಲವನ್ನು ಮನುಷ್ಯ ತನಗೆ ಮಾಡಿಕೊಳ್ಳಬಾರದೆಂಬುದು ಅವರ ವಾದ. 2014ರಲ್ಲಿ ಸಂಘ ತನ್ನ ನಿಯಮವನ್ನು ಸಡಿಲಿಸಿತು. ಹಿಳುಕಿನ ದೀಪ ಗುರಿ ಹಿಡಿಯುವುದಕ್ಕೆ ನೆರವಾಗುವುದಿಲ್ಲ. ಬಿಟ್ಟ ಮೇಲೆ ಮಾತ್ರ ನೆರವಾಗುತ್ತದೆ. ಈ ಭೇದ ಚಿಕ್ಕದೆಂದು ನನಗೆ ತೋರುವುದಿಲ್ಲ. ಕೊಲ್ಲುವುದನ್ನು ಸುಲಭ ಮಾಡುವ ಸಾಧನ ಒಂದು; ಕೊಂದದ್ದನ್ನು ಕಾಣಿಸುವ ಸಾಧನ ಇನ್ನೊಂದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹೀಗೆಂದು ನಾನು ಬೇಟೆಯ ಪರವಾಗಿ ವಾದಿಸುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಬೇಟೆ ನಿಂತಿತು. 1974ರಲ್ಲಿ ಬನ್ನೇರುಘಟ್ಟದ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಅದು ಆಗಲೇಬೇಕಾಗಿದ್ದ ಕೆಲಸ. ನಗರ ಇಷ್ಟು ಹತ್ತಿರಕ್ಕೆ ಬಂದ ಮೇಲೆ ಅಲ್ಲಿಯ ಆನೆಗೂ ಜಿಂಕೆಗೂ ಉಳಿದಿರುವುದೇ ಆ ಕಾನೂನಿನ ನೆರಳು. ಆದರೆ ಬಿಲ್ಲು ಹೋದ ಮಾತ್ರಕ್ಕೆ ಕಾಣದ ಕೊಲೆ ಹೋಗಲಿಲ್ಲ. ತಂತಿಯ ಉರುಳು ಇದೆ, ಬೇಲಿಗೆ ಕದ್ದು ಹರಿಸಿದ ಕರೆಂಟಿದೆ, ಹಣ್ಣಿನಲ್ಲಿಟ್ಟ ಸಿಡಿಮದ್ದಿದೆ. ಇವನ್ನು ಇಟ್ಟವನು ಹಾಸಿಗೆಯಲ್ಲಿ ಮಲಗಿರುತ್ತಾನೆ. ಸಿಕ್ಕಿದ್ದು ಹಂದಿಯೋ, ಚಿರತೆಯೋ, ಆನೆಮರಿಯೋ, ಎಷ್ಟು ಹೊತ್ತು ನರಳಿತೋ, ಅವನಿಗೆ ತಿಳಿಯದು. ಇಲ್ಲಿ ಶಬ್ದವೂ ಬೇಡ. ದಶರಥನಾದರೂ ಸದ್ದು ಕೇಳಿ ಬಾಣ ಬಿಟ್ಟಿದ್ದ.

ದಶರಥನ ಕಥೆಯಲ್ಲಿ ನಾವು ಸಾಮಾನ್ಯವಾಗಿ ಶಾಪವನ್ನಷ್ಟೇ ನೆನೆಯುತ್ತೇವೆ. ಅದಕ್ಕೂ ಮುಂಚೆ ನಡೆದ ಸಂಗತಿಯೊಂದಿದೆ. ನರಳುವ ದನಿ ಕೇಳಿದ ಕೂಡಲೆ ಅವನು ಕತ್ತಲೆಯಲ್ಲಿ ನದಿಯ ಕಡೆಗೆ ಓಡಿದ. ತಾನು ಮಾಡಿದ್ದನ್ನು ಕಂಡ. ಸತ್ತವನ ಕೊಡದಲ್ಲಿ ನೀರು ತುಂಬಿಕೊಂಡು ಆ ಮುದುಕರ ಹತ್ತಿರ ತಾನೇ ಹೋದ. ಹೋಗದಿದ್ದರೆ ಶಾಪ ತಟ್ಟುತ್ತಿರಲಿಲ್ಲವೇನೋ. ಆದರೂ ಹೋದ. ಬಿಟ್ಟ ಬಾಣದ ಹಿಂದೆ ಹೋಗಿ ನೋಡುವುದು ಬಿಲ್ಲು ಹಿಡಿದವನ ಕೊನೆಯ ಧರ್ಮ. ಕಾಳಿಯೆಂಬ ನಾಯಿ ಮಾಡಿದ ಕೆಲಸ ಅದೇ. ಬೆಸ್ತರ ಬ್ಯಾಟರಿಗೆ ಹೊಲಿಗೆಯ ದಾರ ಸುತ್ತಿ ಮಾಡಿದ ದೀಪದ ಕೆಲಸವೂ ಅದೇ.